ಬಾಣಂತಿ ಕೋಣೆಗೆ ಬಳಿದ ನೀಲಿ

ಅರವತ್ತೆಂಟರ ಚಳಿಗಾಲ. ಕೊಳ್ಳೇಗಾಲದಲ್ಲಿ ಕೌದಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಚನ್ನಾಜಮ್ಮ ಎಂಬಾಕೆ ಕಾವಿಪುಡಿಯ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಊರಿನವಳೇ ಒಬ್ಬಳು ಬಂದು ಮಾತಾಡಿಸಿದಳು.

“ಏನಕ್ಕ, ಕಾವಿ ತಕಂಡಿದ್ದೀರಿ? ಮೊನ್ನೆ ತಾನೇ ಮನೆಗೆಲ್ಲ ಬಣ್ಣ ಬಳಿಸಿದ್ರಲ್ಲ?”

“ಮಗಳು ಪುಟ್ಟಮ್ಮಣ್ಣಿ ಬಾಣಂತನದ ಕ್ವಾಣೆಗೆ ಕಣವ್ವ.”

“ಆ ಕ್ವಾಣೆಗೆ ನೀಲಿ ಬಳಿಸಿದ್ರಿ. ಎಷ್ಟು ಚೆಂದಾಗಿತ್ತು!”

“ಬೀಗರ ಮನೇಲಿ ನೀಲಿ ನೋಡಿದ್ದೆ. ಅವರು ಮೈಸೂರೋರು, ನಾವೇನು ಕಮ್ಮಿ ಅಂತ ಬಳಿಸ್ದೆ. ಮೊದ್ಲೇ ಬಿಸಿಲು ಬೀಳದ ಕ್ವಾಣೆ. ‘ಅವ್ವ, ಗ್ವಾಡೆ ನೋಡುದ್ರೇ ಚಳಿಯಾಯ್ತದೆ’ ಅಂದ್ಲು ಮಗಳು. ಇನ್ನೊಂದು ಕಂಬ್ಳಿ ಕೊಟ್ಟು ಸುಮ್ಕಾದೆ.”

“ಆಮೇಕೆ?”

“ಕೂಸು ಎತ್ಕಂಡು ಅಡುಗೆಮನೇಲಿ, ಕೆಮ್ಮಣ್ಣಿನ ಗ್ವಾಡೆ ಮಗ್ಗುಲಲ್ಲಿ ಮಲಗಕ್ಕೆ ಸುರು ಮಾಡುದ್ಲು. ಬೀಗಿತ್ತಿ ಬಂದೋರು ಅಲ್ಲೇ ನೋಡ್ಬುಟ್ರು.”

“ಬೈದ್ರಾ?”

“ಬೈದಿದ್ರೆ ಚೆಂದಾಗಿತ್ತು. ನೀಲಿ ಕ್ವಾಣೆ ಇಣುಕಿ ನೋಡಿ, ‘ಬಣ್ಣ ಚೆನ್ನಾಗಿದೆ. ನಮ್ಮನೇಲಿ ಇದು ಹಜಾರಕ್ಕೆ ಮಾತ್ರ’ ಅಂದ್ರು. ಅವತ್ತೇ ತಾಯಿ ಮಗೀನ ಕರ್ಕಂಡು ಒಂಟೋದ್ರು.”

“ಅಯ್ಯೋ. ಮತ್ತೆ ಈ ಕಾವಿ ಈಗ ಯಾರಿಗಕ್ಕ?”

ಚನ್ನಾಜಮ್ಮ ಪೊಟ್ಟಣದ ಮೇಲೆ ಸೆರಗೆಳೆದುಕೊಂಡರು. ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಗಳಿಂದ ಪರಿಚಯದವರು ಕೈ ಬೀಸಿದರು.

“ಬನ್ನಿ ಅಕ್ಕ, ಸೀಟದೆ.”

“ನೀನೋಗವ್ವ. ಊರೋರೆಲ್ಲ ಇದ್ರಲ್ಲೇ ಅವ್ರೆ. ಮಗು ಎಂಗದೆ ಅಂತ ಕೇಳ್ತಾರೆ.”

ಅವಳ ಹಿಂದೆ ನಾನೂ ಹತ್ತಿದೆ. ಚನ್ನಾಜಮ್ಮ ಬೆಂಚಿನಲ್ಲಿ ಆಚೆ ಮಗ್ಗುಲಿಗೆ ತಿರುಗಿ ಕೂತರು.