ಹೆಬ್ಬೆರಳಿಟ್ಟು ನೋಡಿ

ಅಯ್ಯೋ, ಆ ಫೋಟೋನ ಮತ್ತೆ ಯಾಕೆ ಈ ಕಡೆ ಹಾಕಿದ್ರಿ ಅತ್ತೆ? ಈಗ ತಾನೇ ತೆಗೆದು ಬಿಸಾಕಿದ್ದೆ! ಚೆನ್ನಾಗಿದೆಯಾ? ನಿಮ್ಮ ಮೊಮ್ಮಗಳು ಚೆನ್ನಾಗಿದಾಳೆ, ಫೋಟೋ ಚೆನ್ನಾಗಿಲ್ಲ. ಎರಡೂ ಬೇರೆ ಬೇರೆ ಅಂತ ನನಗೂ ಈಗೀಗ ಗೊತ್ತಾಗ್ತಿದೆ... ಮೆಲ್ಲಗೆ! ಮಂಚ ಅಲುಗಿಸಬೇಡಿ. ಅವಳು ಎದ್ದಳು ಅಂದ್ರೆ ನನ್ನ ಕೆಲಸ ಕೆಟ್ಟಿತು.

ಹತ್ತೇ ಹತ್ತು ಬೇಕು. ಸ್ಟುಡಿಯೋ ಯಜಮಾನರು ಹೇಳಿದ್ದು ಅಷ್ಟೇ. 'ನೀನೇ ಫೋನಲ್ಲಿ ತೆಗೆದಿದ್ದರಲ್ಲಿ ಹತ್ತು ಆರಿಸ್ಕೊಂಡು ನಾಳೆ ತಾ. ಚೆನ್ನಾಗಿದ್ರೆ ಕ್ಯಾಮೆರಾ ಕೊಟ್ಟು ಮದುವೆಗಳಿಗೆ ಕಳಿಸ್ತೀನಿ. ಇಲ್ಲದಿದ್ರೆ ಕೌಂಟರಲ್ಲೇ ಕೂತು ಪಾಸ್‌ಪೋರ್ಟ್ ಫೋಟೋ ಕತ್ತರಿಸ್ತಿರು' ಅಂತ. ಇನ್ನೂ ಎಷ್ಟು ದಿನ ಅತ್ತೆ, ಕಂಡವರ ಎರಡೂ ಕಿವಿ ಉಳಿಯೋ ಹಾಗೆ ಕತ್ತರಿಸ್ತಾ ಕೂತ್ಕೊಳ್ಳೋದು?

ಯಾಕೆ ನಗ್ತೀರಾ? ಹತ್ತನೇ ಕ್ಲಾಸಿಗೇ ಓದು ಮುಗಿಸಿದವಳಿಗೆ ಕ್ಯಾಮೆರಾ ಬೇರೆ ಕೇಡು ಅಂತಾನಾ? ನಗಿ, ನಗಿ. ನಿಮ್ಮ ಮಗನೂ ಹೀಗೇ ನಕ್ಕಿದ್ದು.

ಸ್ಟುಡಿಯೋ ಯಜಮಾನರು ಒಂದು ಉಪಾಯ ಹೇಳ್ಕೊಟ್ಟಿದಾರೆ. 'ನಿನ್ನ ಮಗಳ ಮುಖದ ಮೇಲೆ ಹೆಬ್ಬೆರಳಿಟ್ಟು ನೋಡು. ಆಮೇಲೂ ನೋಡೋದಕ್ಕೆ ಏನಾದ್ರೂ ಉಳಿದ್ರೆ ಅದು ಫೋಟೋ. ಏನೂ ಉಳೀಲಿಲ್ಲ ಅಂದ್ರೆ ಬರೀ ತಾಯಿ ಮುದ್ದು, ಮನೇಲಿಟ್ಕೊ.' ನೋಡಿ, ಇದು ಬಕೆಟ್ಟಿನಲ್ಲಿ ಕೂತಿರೋದು. ಬೆರಳಿಟ್ಟೆ... ಉಳಿದಿದ್ದು ಬಕೆಟ್ಟು. ಬಿಸಾಕಿ! ಇದು ಟೊಪ್ಪಿ ಹಾಕಿರೋದು. ಇದಕ್ಕೋಸ್ಕರ ನೆಲದ ಮೇಲೆ ಬೋರಲು ಬಿದ್ದು ಮೊಣಕೈ ತರಚಿಕೊಂಡಿದ್ದೆ. ನನ್ನ ಮೊಣಕೈ ಫೋಟೋದಲ್ಲಿ ಕಾಣಲ್ವಲ್ಲ! ಬಿಸಾಕಿ. ಇದು... ಇದು ಇರಲಿ. ನೀವು ಕಿಟಕಿ ಹತ್ರ ಬಟ್ಟೆ ಹೊಲೀತಿರೋದು, ಅವಳು ಮಿಷನ್ ಕೆಳಗೆ. ಅವಳ ಮುಖ ಮುಚ್ಚಿದ್ರೂ ನಿಮ್ಮ ಪಾದ ಇದೆ, ಕೆಳಗೆ ಬಿದ್ದ ಚೂರುಬಟ್ಟೆ ಇದೆ. ಬೀಗಬೇಡಿ. ಹೊಗಳಿದ್ದು ಪಾದವನ್ನ, ನಿಮ್ಮನ್ನಲ್ಲ.

ಇದರಲ್ಲಿ ಹುಬ್ಬಿನ ಮೇಲಿನ ಗಾಯದ ಗುರುತು ಎದ್ದು ಕಾಣ್ತಿದೆ... ಮುಖ ಯಾಕೆ ತಿರುಗಿಸ್ತೀರಾ? ನಾನೇನಾದ್ರೂ ಅಂದ್ನಾ? ಅನ್ನೋದನ್ನೆಲ್ಲ ಆಗಲೇ ಅಂದಾಗಿದೆ. ನಾನು ಅಂಗಡಿಗೆ ಹೋಗಿ ಬರೋಷ್ಟರಲ್ಲಿ ಒಂದು ಮಗೂನ ನೋಡ್ಕೊಳ್ಳೋಕೆ ಆಗಲಿಲ್ಲ ನಿಮಗೆ. ತಾರಸಿ ಮೆಟ್ಟಿಲಿಂದ ಬಿತ್ತು. 'ಜೊಂಪು ಹತ್ತಿತೇನೋ' ಅಂತ ನೀವೇ ಒಪ್ಕೊಂಡ್ರಿ! ನಿಮ್ಮ ಮಗ ಅವತ್ತಿಂದ ನಿಮ್ಮ ಜೊತೆ ನೆಟ್ಟಗೆ ಮಾತಾಡಲ್ಲ ಅಂದ್ರೆ ನಾನೇನು ಮಾಡಲಿ? ಮಗೂನ ಎತ್ಕೋಬೇಡ ಅಂದಿದ್ದು ಅವರು, ನಾನಲ್ಲ. ನಾನು 'ಹುಷಾರು, ಬೀಳಿಸೀರಿ' ಅಂತೀನಿ, ಅಷ್ಟೇ. ಅಷ್ಟೂ ಅನ್ನಬಾರದಾ?

ಸರಿ ಬಿಡಿ. ಒಂಬತ್ತಾಯ್ತು. ಇನ್ನೊಂದು ಸಿಕ್ಕಿದ್ರೆ...

ಆ ಕವರಲ್ಲೇನಿಲ್ಲ. ಎಲ್ಲ ಅಲುಗಾಡಿ ಕೆಟ್ಟಿರೋದು. ಬಿಚ್ಚಬೇಡಿ ಅಂದ್ನಲ್ಲ... ಕೊಡಿ ಇಲ್ಲಿ. ಅತ್ತೆ, ಕೊಡಿ.

ಹೌದು, ಹಳದಿ ಫ್ರಾಕು. ನೀವು ಹೊಲಿದಿದ್ದೇ. ಅದಕ್ಯಾಕೆ ಹಾಗೆ ನೋಡ್ತೀರಾ? ಎಷ್ಟೋ ಸಲ ಹಾಕಿದಾಳೆ... ಇಲ್ವಾ? ಹೌದು... ಇಲ್ಲ. ಅವತ್ತೇ ಮೊದಲು ಹಾಕಿದ್ದು. ಆಸ್ಪತ್ರೇಲಿ ಕತ್ತರಿಸಿ ತೆಗೆದ್ರು. ಬಿಳಿ ಗುಂಡಿ ಸಾಲದೆ ಕೊನೇಗೆ ಒಂದು ಹಸಿರು ಗುಂಡಿ ಹಾಕಿದ್ರಿ. ಕಾಣ್ತಿದೆ, ನನಗೂ ಕಾಣ್ತಿದೆ! ಅಂಗಡಿಗೆ ಹೋಗೋಕೆ ಮುಂಚೆ ತೆಗೆದಿದ್ದು ಅದು. ಮುಂಚೆ! ತೆಗೆದು, ಇಳಿಸ್ಕೊಂಡು ಬಂದು, ನಿಮ್ಮ ಪಕ್ಕದಲ್ಲಿ ಬಿಟ್ಟು ಹೋದೆ. ನೀವು ಮಲಗಿದ್ರಿ, ನಿಮಗೇನು ಗೊತ್ತು?

ಕಾಲಾ? ಆಡ್ತಿದಾಳೆ. ಕುಣೀತಿದಾಳೆ. ಮಕ್ಕಳ ಕಾಲು ನೆಲದ ಮೇಲೆ ಎಲ್ಲಿರುತ್ತೆ?

ಹಾಗಾದ್ರೆ ಅದನ್ನ ಯಾಕೆ ಇಟ್ಕೊಂಡಿದೀಯ ಅಂತಾನಾ... ಹರಿದು ಹಾಕೋಕೆ ಕೈ ಬರಲಿಲ್ಲ. ನೋಡಿ ನೀವೇ! ಆ ನಗು, ಆ ಬಿಸಿಲು... ಅಷ್ಟು ಚೆನ್ನಾಗಿ ನಾನು ಇನ್ನೊಂದು ತೆಗೆದಿಲ್ಲ. ಆಮೇಲೂ ತೆಗೆದಿಲ್ಲ.

ಹೆಬ್ಬೆರಳು ಯಾಕೆ ಇಟ್ರಿ? ಅದು ನನ್ನ ಕೆಲಸ. ತೆಗೀರಿ ಬೆರಳು. ಏನಿದೆ ಅಲ್ಲಿ? ಮೆಟ್ಟಿಲಿದೆ. ಕಾಲಿಂದ ಕಳಚಿದ ಪುಟ್ಟ ಚಪ್ಪಲಿ ಇದೆ. ಮೆಟ್ಟಿಲ ಮೇಲೆ... ನೆರಳು. ಯಾರದ್ದೋ ನೆರಳು. ತುರುಬು... ಎತ್ತಿದ ಎರಡೂ ಮೊಣಕೈ, ಮುಖದ ಮುಂದೆ ಫೋನು... ಕೈ ಚಾಚಿಲ್ಲ.

ಅತ್ತೆ.

ಏನಾದ್ರೂ ಅನ್ನಿ. ಬಾಯಿಗೆ ಬಂದ ಹಾಗೆ ಬಯ್ಯಿರಿ. ಇಷ್ಟು ದಿನ ನಾನು ಅಂದಿದ್ದನ್ನೆಲ್ಲ ಒಟ್ಟಿಗೆ ಅನ್ನಿ... ಅದನ್ನ ಆ ಒಂಬತ್ತರ ಮೇಲೆ ಯಾಕೆ ಇಟ್ರಿ? ನಿಮ್ಮ ಮಗ ಬರೋ ಹೊತ್ತಾಯ್ತು. ಬಂದ ತಕ್ಷಣ ಮೇಲಿನದನ್ನೇ ತಾನೇ ನೋಡೋದು!

ಎಲ್ಲಿಗೆ? ಅವಳನ್ನ ಯಾಕೆ ಎತ್ಕೊಳ್ತೀರಾ, ಮಲಗಿದಾಳೆ... ಹುಷಾರು ಅತ್ತೆ, ಬೀ...