ಧರ್ಮಪುರದ ಗೋಡೆ ಫ್ರಿಜ್ಜು

ಧರ್ಮಪುರ ಮುಟ್ಟೋ ಹೊತ್ತಿಗೆ ಕತ್ತಲಾಗಿತ್ತು. ಪೈಪ್‌ಲೈನ್ ಹಾಕೋಕೆ ಅಂತ ಓಣಿ ಪೂರ್ತಿ ಅಗೆದು ಬಿಟ್ಟಿದ್ರು. ಓಮ್ನಿ ಮುಂದಕ್ಕೆ ಹೋಗಂಗಿಲ್ಲ. ಊರಂಚಿನ ಹಳೇ ಬಾವಿ ಹತ್ರ ಗಾಡಿ ನಿಲ್ಸಿ, ಹೊಸ ಕಂಪ್ರೆಸರ್‌ನ ಹೆಗಲ ಮೇಲಿಟ್ಕೊಂಡು ಕಲ್ಲೇಶಣ್ಣ ನಡಕೊಂಡು ಹೊಂಟ.

ಕಲ್ಲೇಶಣ್ಣ ಅಂದ್ರೆ ನಮ್ಮ ದೊಡ್ಡಪ್ಪನ ಮಗ. ಹಿರಿಯೂರಲ್ಲಿ ಫ್ರಿಜ್ಜು ರಿಪೇರಿ ಅಂಗಡಿ ಇಟ್ಕೊಂಡವ್ನೆ. ಮೊದ್ಲು ಮಸ್ಕತ್ತಿನ ಹೋಟ್ಲೊಂದ್ರಲ್ಲಿ ಇದ್ದ. ಗೋಡೆ ಒಳಗೇ ಕೂರಿಸೋ ದೊಡ್ಡ ದೊಡ್ಡ ಫಾರಿನ್ ಫ್ರಿಜ್ಜು ಇರ್ತಾವಲ್ಲ... ಹೊರಗಿಂದ ನೋಡಿದ್ರೆ ಮರದ ಬೀರು ಅನ್ಬೇಕು, ಹಂಗಿರ್ತಾವೆ... ಅವನ್ನ ಬಿಚ್ಚಿ ಕೂಡ್ಸೋದು ಅಲ್ಲೇ ಕಲ್ತಿದ್ದು. ಮಾತು ಕಮ್ಮಿ. ಸುಳ್ಳಂತೂ ಇಲ್ಲವೇ ಇಲ್ಲ. ಈ ಧರ್ಮಪುರದ ಸಂಗತಿನ ನನ್ನ ಹತ್ರ ಒಂದೇ ಸಲ ಹೇಳಿದ್ದು. ಅದೂ ಪಿಸುಮಾತಲ್ಲಿ.

ಬಾವಿ ಬತ್ತಿ ಯಾವ ಕಾಲ ಆಗಿತ್ತೋ. ಪಕ್ಕದಲ್ಲಿ ಒಂದು ಹೊಸ ಸಮಾಧಿ. ಮಣ್ಣು ಇನ್ನೂ ಪೂರ್ತಿ ಕೂತಿರಲಿಲ್ಲ. ಮೇಲೆ ಒಣಗಿದ ಚೆಂಡು ಹೂವು. ಅದನ್ನ ದಾಟಿ ನಾಕು ಹೆಜ್ಜೆ ಇಟ್ಟಿರಬೇಕು... ಹಿಂದ್ಗಡೆ ಯಾರೋ ಉಸಿರು ಬಿಟ್ಟಂಗಾಯ್ತಂತೆ. ಹಾಽಽ... ಅಂತ. ಮೆಟ್ಲು ಹತ್ತಿ ಬಂದ ಮುದುಕರು ಬಿಡ್ತಾರಲ್ಲ, ಹಂಗೆ. ತಿರುಗಿ ನೋಡ್ಲಿಲ್ಲ ಅವ್ನು. ಹೆಗಲ ಮೇಲಿನ ಭಾರಕ್ಕೆ ನಂದೇ ಉಸಿರು ಇರಬೇಕು ಅಂದ್ಕೊಂಡ.

ಮನೆ ಪರಮೇಶ್ವರಪ್ಪನೋರದು. ಕಡ್ಲೆಕಾಯಿ ಎಣ್ಣೆ ಮಿಲ್ಲು ಇಟ್ಟಿರೋರು. ಅವತ್ತು ಮಿಲ್ಲಿಗೆ ಲೋಡ್ ಬಂದಿತ್ತು, ಯಜಮಾನ್ರು ಅಲ್ಲಿದ್ರು. ಬಾಗಿಲು ತೆಗೆದಿದ್ದು ಅವರ ಹೆಂಡ್ತಿ ಸುಚಿತ್ರಾ. ಮಗಳು ಬಿಂದು ಒಳಗೆ ಮಲಗಿತ್ತು.

ಫೋನಲ್ಲೇ ಸುಚಿತ್ರಾ ಫ್ರಿಜ್ಜಿನ ವಿಷ್ಯ ಹೇಳಿದ್ಲಂತೆ. ಮನೆ ಕಟ್ಟಿಸಿದಾಗ ಆಸೆಪಟ್ಟು ಹಾಕಿಸಿದ ಫ್ರಿಜ್ಜು. ಈಗ ಹಳೇದಾಗೈತೆ, ಕಂಪ್ರೆಸರ್ ಹೋಗೈತೆ. ಕಂಪ್ನಿಯೋರು ಬಂದು ನೋಡಿ, ಈ ಮಾಡಲ್ಲಿಗೆ ಸಾಮಾನು ಬರಲ್ಲ, ತೆಗೆದು ಹಾಕ್ರಿ ಅಂದಿದ್ರು. ತೆಗೀಬೇಕು ಅಂದ್ರೆ ಅಡಿಗೆಮನೆ ಗೋಡೆನೇ ಒಡೀಬೇಕು. ಯಾರೋ ಕಲ್ಲೇಶಣ್ಣನ ಹೆಸರು ಹೇಳಿದ್ರು. ಇವ್ನು ಬೆಂಗಳೂರಲ್ಲಿ ಹುಡುಕ್ಸಿ, ಅದಕ್ಕೆ ಹೊಂದೋ ಕಂಪ್ರೆಸರ್ ತರಿಸಿದ್ದ.

ಇನ್ನೊಂದು ಸಲ ಬಾವಿ ಹತ್ರ ಹೋಗಿ ಪಂಪು, ಗ್ಯಾಸ್ ಸಿಲಿಂಡ್ರು ಎಲ್ಲ ತಂದ. ಟೀ ಕುಡಿದ. ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆದ.

ತಣ್ಣನೆ ಗಾಳಿ ಮುಖಕ್ಕೆ ರಪ್ಪಂತ ಹೊಡೀತು.

ಒಳಗೆ ಹಾಲಿನ ಪ್ಯಾಕೆಟ್ಟು, ಮೊಸರು, ಸೊಪ್ಪು. ಬಾಗಿಲ ಗೂಡಲ್ಲಿ ಒಂದು ಸ್ಟೀಲ್ ಡಬ್ಬಿ. ಎಲ್ಲ ಐಸ್ ಇದ್ದಂಗೆ. ಕಲ್ಲೇಶಣ್ಣಂಗೆ ಸಿಟ್ಟು ಬಂತಂತೆ. ನಡೀತಿರೋ ಫ್ರಿಜ್ಜಿಗೆ ಕೆಟ್ಟೈತೆ ಅಂತ ಇಷ್ಟು ದೂರ ಕರೆಸಿದ್ರಲ್ಲ ಅಂತ.

ಆಮೇಲೆ ಗಮನಿಸಿದ. ಒಳಗಿನ ಲೈಟು ಹತ್ತಿಲ್ಲ. ಮೋಟ್ರಿನ ಸದ್ದೂ ಇಲ್ಲ. ಅಡಿಗೆಮನೆ ಪೂರ್ತಿ ನಿಶ್ಶಬ್ದ... ನಲ್ಲಿ ಮಾತ್ರ ತೊಟ್... ತೊಟ್...

ಕೆಳಗಿನ ಜಾಲರಿ ಬಿಚ್ಚಿ ಟಾರ್ಚ್ ಬಿಟ್ಟ. ಕಂಪ್ರೆಸರ್ ಮೇಲೆ ಧೂಳು ಕೂತಿತ್ತು. ಕೈಯಿಟ್ಟ. ಓಡೋ ಕಂಪ್ರೆಸರ್ ಬೆಚ್ಚಗಿರಬೇಕು. ಇದು ಕಲ್ಲಿನಂಗೆ ತಣ್ಣಗಿತ್ತು. ವೈರು ಹಿಡಿದು ನೋಡ್ತಾ ಹೋದ... ಪ್ಲಗ್ಗೇ ಹಾಕಿರಲಿಲ್ಲ. ಕಂಪ್ನಿಯೋರು ಕಿತ್ತು, ಟೇಪ್ ಸುತ್ತಿ, ಮೂಲೆಗೆ ತುರುಕಿ ಹೋಗಿದ್ರು.

ಅಲ್ಲೇ ಕುಂತ್ಕೊಂಡು, ಮೆಲ್ಲಗೆ ಕೇಳಿದ. "ಅಕ್ಕ... ಇದು ಯಾವಾಗಿಂದ ಹಿಂಗೈತೆ?"

"ನಮ್ಮತ್ತೆ ಹೋದ ರಾತ್ರಿಯಿಂದ," ಅಂದ್ಲು ಸುಚಿತ್ರಾ.

ಅತ್ತೆ ಹೆಸರು ಏಕಾಂತಮ್ಮ. ಬಾವಿ ಹತ್ರದ ಸಮಾಧಿ ಆಯಮ್ಮಂದೇ. ಮೊಮ್ಮಗಳು ಬಿಂದುಗೆ ಸಣ್ಣೋಳಿದ್ದಾಗಿಂದ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಸೂಜಿ ಆಗಬೇಕು. ಆ ಔಷಧಿ ಕೆಡದಂಗೆ ಕಾಯೋದು ಅಜ್ಜಿ ಕೆಲಸ. ಬ್ಯಾಸಿಗೇಲಿ ಆ ಕಡೆ ಕರೆಂಟು ಹೋದ್ರೆ ಯಾವಾಗ ಬರ್ತದೋ ಹೇಳಂಗಿಲ್ಲ. ಕರೆಂಟು ಹೋದ ತಕ್ಷಣ ಆಯಮ್ಮ ಒದ್ದೆ ಟವೆಲ್ಲು ಫ್ರಿಜ್ಜಿನ ಬಾಗಿಲ ಸಂದಿಗೆ ಒತ್ತಿ, ಅದಕ್ಕೇ ಬೆನ್ನು ಕೊಟ್ಟು ಕುಂತ್ಕೊಂಬೋರು. ಯಾರನ್ನೂ ಬಾಗಿಲು ತೆಗಿಯಾಕೆ ಬಿಡ್ತಿರಲಿಲ್ಲ. ಬೆಳಕು ಹರಿಯೋವರೆಗೂ ಹಂಗೇ. ಕೊನೇಗೆ ಹಾಸಿಗೆ ಹಿಡಿದಾಗ್ಲೂ, ಮಗೀನ ಔಷಧಿ ತಣ್ಣಗೈತಾ ಅಂತ ಅದೊಂದೇ ಮಾತು.

ಆಯಮ್ಮನ ಜೀವ ಹೋದ ರಾತ್ರಿನೇ ಫ್ರಿಜ್ಜೂ ನಿಂತು ಹೋಯ್ತು. ಮಣ್ಣು ಮಾಡಿ ಬಂದ ಮೇಲೆ ಕಂಪ್ನಿಯೋರನ್ನ ಕರೆಸಿದ್ರು, ಅವರು ಪ್ಲಗ್ ಕಿತ್ತು ಹೋದ್ರು. ಮಾರನೇ ದಿನ ಒಳಗಿಂದೆಲ್ಲ ಚೆಲ್ಲಾಣ ಅಂತ ಸುಚಿತ್ರಾ ಬಾಗಿಲು ತೆಗೆದ್ರೆ... ಹಾಲು ಕೆಟ್ಟಿಲ್ಲ. ಅಲ್ಲೇ ಬಿಟ್ರು, ಆಮೇಲೂ ಕೆಡಲಿಲ್ಲ.

ಪರಮೇಶ್ವರಪ್ಪ ಒಂದು ಸಣ್ಣ ಫ್ರಿಜ್ಜು ತಂದು ಪಡಸಾಲೇಲಿ ಇಟ್ರು. ಇನ್ಸುಲಿನ್ ಇದ್ದ ಸ್ಟೀಲ್ ಡಬ್ಬಿ ಅದಕ್ಕೆ ವರ್ಗಾಯಿಸಿದ್ರು. ಬೆಳಿಗ್ಗೆ ಎದ್ದು ನೋಡಿದ್ರೆ ಡಬ್ಬಿ ಹಳೇ ಜಾಗದಲ್ಲಿ, ಗೋಡೆ ಫ್ರಿಜ್ಜಿನ ಗೂಡಲ್ಲಿ. ಮತ್ತೆ ಸಣ್ಣದರಲ್ಲೇ ಇಟ್ಟು ಬೀಗ ಹಾಕಿದ್ರು. ಬೀಗ ಹಾಕಿದಂಗೇ ಇತ್ತು. ಡಬ್ಬಿ ಮಾತ್ರ ಮತ್ತೆ ಇಲ್ಲಿ.

ಕಲ್ಲೇಶಣ್ಣಂಗೆ ಎದ್ದು ಹೋಗಾಣ ಅನ್ನಿಸ್ತಂತೆ. ಹಂಗೂ ಕೇಳಿದ, "ಇಷ್ಟು ಚೆನ್ನಾಗಿ ತಣ್ಣಗಿರುವಾಗ... ನನ್ನನ್ಯಾಕೆ ಕರೆಸಿದ್ರಿ?"

ಸುಚಿತ್ರಾ ಮಗಳು ಮಲಗಿದ್ದ ರೂಮಿನ ಕಡೆ ನೋಡಿದ್ಲು. ದನಿ ಇನ್ನೂ ಇಳಿಸಿದ್ಲು.

"ರಾತ್ರಿ ಇದರೊಳಗಿಂದ ಉಸಿರು ಕೇಳ್ತದೆ ಅಣ್ಣ. ಮೊದ್ಲು ನಿಧಾನಕ್ಕೆ ಬರ್ತಿತ್ತು. ಈಗ ಏದುಸಿರು. ಬದುಕಿದ್ದಾಗ್ಲೂ ಮಲಗಲಿಲ್ಲ ಆಯಮ್ಮ... ಈಗ್ಲೂ ಮಲಗಿಲ್ಲ. ಇದು ಕರೆಂಟಿನಿಂದ ನಡಿಯಂಗೆ ಮಾಡಿಬಿಡ್ರಿ."

ಅವ್ನು ಎದ್ದು ಹೋಗ್ಲಿಲ್ಲ. ಯಾಕೆ ಅಂತ ಅವನಿಗೂ ಗೊತ್ತಿಲ್ಲ.

ಒಳಗಿನ ಸಾಮಾನು ಖಾಲಿ ಮಾಡಾಕೆ ಸುಚಿತ್ರಾ ಒಪ್ಪಲಿಲ್ಲ. ಮುಟ್ಟಿದ್ರೆ ಏನಾಗ್ತದೋ ಅನ್ನೋ ಭಯ. ಹಂಗೇ ಕೆಲಸ ಶುರು ಮಾಡಿದ. ಹಳೇ ಪೈಪು ಕತ್ತರಿಸಿದ. ಉಳಿದಿದ್ದ ಗ್ಯಾಸು ಸುಸ್ಸ್... ಅಂತ ಹೋಯ್ತು. ಸತ್ತ ಕಂಪ್ರೆಸರ್ ಹೊರಗೆ ಎಳೆದು, ಹೊಸದು ಕೂರಿಸಿ, ತಾಮ್ರದ ಪೈಪು ಬೆಸುಗೆ ಹಾಕಿದ. ಅಷ್ಟು ಹೊತ್ತು ಬೆಂಕಿ ಮುಂದೆ ಇದ್ರೂ ಬೆರಳು ಬೆಚ್ಚಗಾಗಲಿಲ್ಲ ಅಂತಿದ್ದ. ಪೈಪಿನ ಒಳಗಿನ ಗಾಳಿ ತೆಗಿಯಾಕೆ ಪಂಪು ಹಚ್ಚಿದ. ಗುರ್ರ್ರ್... ಗುರ್ರ್ರ್...

ಗಾಳಿ ಪೂರ್ತಿ ಹೋಯ್ತು. ಪಂಪು ನಿಲ್ಸಿದ.

ಸದ್ದು ಅಡಗಿತಲ್ಲ... ಆಗ ಕೇಳಿಸ್ತು.

ಹಾಽ... ಹಾಽ... ಹಾಽ...

ಬಾವಿ ಹತ್ರ ಕೇಳಿದ್ದೇ ಉಸಿರು. ಈಗ ಫ್ರಿಜ್ಜಿನ ಬಾಗಿಲ ಆಚೆಗೆ. ಭಾರ ಹೊತ್ತೋರು ಬಿಡೋ ಉಸಿರು.

ಬೇಗ ಮುಗಿಸಾಣ ಅಂತ ಗ್ಯಾಸು ತುಂಬಿದ. ಪ್ಲಗ್ ಸಿಗಿಸೋ ಜಾಗ ಮೂಲೇಲಿ, ಆಳದಲ್ಲಿ ಇತ್ತು. ಬೋರಲು ಮಲಗಿ, ಪ್ಲಗ್ ಹಿಡಿದು, ಮೊಳಕೈವರೆಗೂ ಕೈ ಒಳಗೆ ಹಾಕಿದ.

ಮಣಿಕಟ್ಟು ಯಾರೋ ಹಿಡ್ಕೊಂಡ್ರು.

ತೆಳ್ಳನೆ ಬೆರಳು. ಗೆಣ್ಣು ಗಂಟುಗಂಟಾಗಿತ್ತು. ಮಂಜಿನಂಗೆ ತಣ್ಣಗೆ. ನೋವಾಗೋ ಹಂಗೆ ಹಿಡಿದಿರಲಿಲ್ಲ... ಆದ್ರೆ ಬಿಡ್ತಾನೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸುಚಿತ್ರಾ ಅವನ ಮುಖ ನೋಡಿದ್ಲು. ಹಂಗೇ ಗೋಡೆ ಹಿಡ್ಕೊಂಡು ಕುಂತ್ಲು.

ಕಲ್ಲೇಶಣ್ಣ ಆ ಮೂಲೆ ಕಡೆ ಬಾಯಿಟ್ಟು ಮೆಲ್ಲಗೆ ಅಂದ.

"ಅಮ್ಮಾರೆ... ಸಾಕು, ಬಿಡ್ರಿ. ಇನ್ನ ನಾನು ನೋಡ್ಕಂತೀನಿ."

ಕೈ ಬಿಡಲಿಲ್ಲ. ಉಸಿರು ಮಾತ್ರ ನಿಂತಿತ್ತು. ಕೇಳಿಸ್ಕೊಂಡೋರು ಯೋಚ್ನೆ ಮಾಡ್ತಾರಲ್ಲ, ಹಂಗೆ.

"ಬಿಂದು ಔಷಧಿಗೆ ಏನೂ ಆಗಲ್ಲ. ನಾನು ಬರ್ತಾ ಇರ್ತೀನಿ. ನೀವು ಮಲಗ್ರಿ."

ಒಂದು ಬೆರಳು ಸಡಿಲ ಆಯ್ತು... ಇನ್ನೊಂದು... ಆಮೇಲೆ ಎಲ್ಲಾ. ಪ್ಲಗ್ ಸಿಗಿಸಿದ.

ಟಕ್.

ಏನೂ ಆಗಲಿಲ್ಲ. ಸುಚಿತ್ರಾ ಕಣ್ಣು ಮುಚ್ಚಿದ್ಲು. ಆಮೇಲೆ ತಳದಿಂದ ಗುಂಽಽಽ ಅಂತ ಸದ್ದು ಎದ್ದಿತು. ಬಾಗಿಲ ಸಂದೀಲಿ ಬೆಳಕು ಬಂತು.

ಬಾಗಿಲು ತೆಗೆದ್ರು. ಅವ್ರ ಕಣ್ಣೆದುರಿಗೇ ಹಾಲಿನ ಪ್ಯಾಕೆಟ್ಟು ಉಬ್ಬಿ, ಪಟ್ ಪಟ್ ಅಂತ ಒಡೀತು. ಸೊಪ್ಪು ಕಪ್ಪಗಾಗಿ ಕೊಳೆತು ಇಳೀತು. ಅಷ್ಟು ದಿನದ್ದೂ ಒಂದೇ ಸಲಕ್ಕೆ ಕೆಟ್ಟಂಗೆ... ಆ ನಾತಕ್ಕೆ ಇಬ್ರೂ ಮೂಗು ಮುಚ್ಕೊಂಡು ಹಿಂದೆ ಸರಿದ್ರು. ಸ್ಟೀಲ್ ಡಬ್ಬಿ ಒಂದು ಮಾತ್ರ ತಣ್ಣಗೇ ಇತ್ತು. ಅದನ್ನ ಎದೆಗೆ ಒತ್ತಿಕೊಂಡು ಸುಚಿತ್ರಾ ಅತ್ಲು. ಭಯಕ್ಕಲ್ಲ. ಅತ್ತೆ ಹೋದಾಗ ಅಳಾಕೆ ಆಗಿರಲಿಲ್ಲವಂತೆ, ಆ ಅಳು ಈಗ ಬಂತು.

ಯಾವುದಕ್ಕೂ ಇರಲಿ ಅಂತ ಮಾರನೇ ದಿನ ಹಿರಿಯೂರಿಂದ ಮಗೀಗೆ ಹೊಸ ಔಷಧಿ ತರಿಸಿದ್ರು.

ಈಗ ಆ ಫ್ರಿಜ್ಜು ಚೆನ್ನಾಗಿ ನಡೀತೈತೆ. ಉಸಿರು ಮತ್ತೆ ಕೇಳಿಲ್ಲ. ಕರೆಂಟು ಹೋದ್ರೆ ಒಳಗಿಂದು ಬೆಚ್ಚಗಾಗ್ತದೆ, ಎಲ್ಲರ ಮನೇಲಿ ಆದಂಗೆ. ಅದಕ್ಕೇ ಯಜಮಾನ್ರು ದೊಡ್ಡ ಬ್ಯಾಟ್ರಿ ಹಾಕಿಸಿದ್ರು. ಕಲ್ಲೇಶಣ್ಣ ಯಾರೂ ಕರೀದಿದ್ರೂ ಹೋಗಿ ನೋಡ್ಕೊಂಡು ಬರ್ತಾನೆ. ಬಿಂದು ದೊಡ್ಡೋಳಾಗವ್ಳೆ, ಸೂಜಿ ತಾನೇ ಚುಚ್ಕೊಂತಾಳಂತೆ.

ಆದ್ರೆ ಒಂದು...

ಅವತ್ತು ತೆಗೆದ ಹಳೇ ಕಂಪ್ರೆಸರ್‌ನ ಅವ್ನು ಗುಜರಿಗೆ ಹಾಕಾಕೆ ಅಂತ ತಂದಿದ್ದ. ಹಾಕಿಲ್ಲ. ಅಂಗಡಿ ಮೂಲೇಲಿ ಐತೆ. ವೈರಿಲ್ಲ, ಗ್ಯಾಸಿಲ್ಲ, ಪೈಪು ಕತ್ತರಿಸಿದ್ದು. ಬೇಕಾದ್ರೆ ಹೋಗಿ ನೋಡ್ರಿ, ನಾನೇನು ಕಟ್ಟಿ ಹೇಳ್ತಿಲ್ಲ. ಮೊನ್ನೆ ಮಧ್ಯಾಹ್ನ ಹೋಗಿದ್ದೆ. ಹಿರಿಯೂರು ಬಿಸಿಲು, ಮೇಲೆ ತಗಡಿನ ಶೀಟು, ಒಳಗೆ ಕಾದ ಹೆಂಚಿನಂಗೆ ಬಿಸಿ. ಬೀದಿ ನಾಯಿಯೊಂದು ಆ ಕಂಪ್ರೆಸರ್‌ಗೆ ಹೊಟ್ಟೆ ಒತ್ತಿಕೊಂಡು ಮಲಗಿತ್ತು. ಅದನ್ನ ಎಬ್ಬಿಸಿ ಕೈಯಿಟ್ಟು ನೋಡಿದೆ. ತಣ್ಣನೆ ಕಬ್ಬಿಣದ ಮೇಲೆ ನೀರಿನ ಹನಿ ಕಟ್ಟಿತ್ತು. ಬೆರಳು ಒದ್ದೆ ಆಯ್ತು.