ಕೊನೆಯ ಸ್ನಾನಕ್ಕೆ ಇನ್ನಿಬ್ಬರು

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ವಜೀರ್ ಅಂಕಲ್ ಅವರೇ, ರಾಕ್‌ವಿಲ್‌ನಿಂದ ಟ್ರಾಫಿಕ್ ದಾಟಿ ಬಂದ ಮುಖ್ಯ ಅತಿಥಿಗಳೇ, ಬಿರಿಯಾನಿಯ ಘಮ ಬಂದರೂ ಕುರ್ಚಿ ಬಿಡದೆ ಕುಳಿತಿರುವ ಸಭಿಕರೇ,

ಔಷಧಶಾಸ್ತ್ರದಲ್ಲಿ ನಾನು ತರಗತಿಗೆ ಮೊದಲಿಗಳಾದೆನೆಂದು ಶಾಲು ಹೊದಿಸಿದ್ದೀರಿ. ‘ಇದರಲ್ಲಿ ನನ್ನದೇನಿಲ್ಲ’ ಎಂದು ವಿನಯದಿಂದ ಹೇಳಬೇಕು. ಹೇಳಲಾರೆ; ಓದಿದವಳು ನಾನೇ. ಮೈಸೂರಿನ ಶಾಲೆಯಲ್ಲೂ ಮೊದಲಿಗಳು, ಎಂಟನೇ ತರಗತಿ ಮುಗಿಸಿ ಈ ಎಲಿಕಾಟ್ ಸಿಟಿಗೆ ಬಂದ ಮೇಲೂ ಮೊದಲಿಗಳು. ಆದರೆ ನನ್ನನ್ನು ಪರಿಚಯಿಸಿದ ನಿಹಾಲ್ ಅಂಕಲ್, “ನಮ್ಮ ಝಿಕ್ರಾ ನೆಕ್ಸ್ಟ್ ಮಂತ್ ಅಟ್ಲಾಂಟಾಗೆ ರಿಸರ್ಚ್‌ಗೆ ಹೋಗ್ತಾ ಇದ್ದಾಳೆ” ಎಂದರಲ್ಲ, ಆ ಮಾತು ಇನ್ನೂ ನಿಜವಾಗಿಲ್ಲ. ಅದರ ಬಗ್ಗೆ ಮಾತನಾಡಲು ಅಪ್ಪಣೆ ಬೇಡುತ್ತೇನೆ.

ನಮ್ಮ ಮಸೀದಿಯಲ್ಲಿ ತೀರಿಕೊಂಡ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವವರು ಫಿರೋಜಾ ಆಂಟಿ. ಹೆಂಗಸರಿಗೆ ಹೆಂಗಸರೇ ಮಾಡಿಸುವುದು ನಮ್ಮ ರೀತಿ. ಒಬ್ಬರಿಂದ ಆಗುವ ಕೆಲಸವೂ ಅಲ್ಲ. ಅವರ ಜೊತೆಗಿದ್ದ ಅಫ್ರೋಜ್ ಆಂಟಿ ಕಳೆದ ವರ್ಷ ದೂರದ ಮಾರಿಸ್‌ವಿಲ್‌ಗೆ ಮನೆ ಬದಲಿಸಿದರು. ಆಗ ಫಿರೋಜಾ ಆಂಟಿ ನನ್ನನ್ನು ಹಿಡಿದುಕೊಂಡರು.

“ಆಂಟಿ, ನಂಗೆ ಎಕ್ಸಾಮ್ ಇದೆ. ಬೇರೆ ಯಾರನ್ನಾದ್ರೂ ಕೇಳಿ, ಪ್ಲೀಸ್.”

“ಕೇಳ್ದೆ ಕಣಮ್ಮ. ಅವ್ರೆಲ್ಲ ನಿನ್ನನ್ನ ಕೇಳಿ ಅಂದ್ರು. ಕುರಾನಿನ ಸೂರಾ ಎಲ್ಲ ಬಾಯಿಪಾಠ ಒಪ್ಪಿಸ್ತೀಯ, ಒಂದು ಬಕೆಟ್ ಎತ್ತೋಕಾಗಲ್ವಾ?”

ಸಭಿಕರೇ, ಇದನ್ನು ಫರ್ಜ್-ಎ-ಕಿಫಾಯಾ ಎನ್ನುತ್ತೇವೆ. ಕೆಲವರು ನೆರವೇರಿಸಿದರೆ ಎಲ್ಲರ ಹೊಣೆಯೂ ಇಳಿಯುತ್ತದೆ. ಯಾರೂ ಮಾಡದಿದ್ದರೆ ಎಲ್ಲರೂ ದೇವರ ಮುಂದೆ ತಪ್ಪಿತಸ್ಥರು. ಈ ನಿಯಮವನ್ನು ಸೊಗಸಾಗಿ ವಿವರಿಸಿ ನಾನು ಬಹುಮಾನ ಗೆದ್ದಿದ್ದೆ. ಆ ‘ಕೆಲವರು’ ಯಾರೆಂದು ಯೋಚಿಸಿದ್ದೆನೇ? ನೀವು ಯೋಚಿಸಿದ್ದೀರಾ?

ಹೋದೆ. ಸಿಟ್ಟಿನಿಂದಲೇ ಹೋದೆ. ಉಗುರುಬೆಚ್ಚಗಿನ ನೀರು, ಮೊದಲು ಬಲಗಡೆ, ಕೊನೆಯ ನೀರಿಗೆ ಕರ್ಪೂರ. ಮೈಮೇಲಿನ ಬಟ್ಟೆ ಸರಿಯಬಾರದು. ಅಲ್ಲಿ ಕಂಡದ್ದನ್ನು ಹೊರಗೆ ಆಡಬಾರದು, ಹಾಗಾಗಿ ಯಾರೆಂದು ಹೇಳುವುದಿಲ್ಲ. ಮುಗಿದ ಮೇಲೆ, “ಸರಿಯಾಗಿ ಮಾಡಿದ್ನಾ ಆಂಟಿ?” ಎಂದು ಕೇಳಿದೆ.

“ಇಲ್ಲಿ ಯಾರು ಮಾರ್ಕ್ಸ್ ಕೊಡ್ತಾರೆ? ಕೈ ತೊಳ್ಕೊ.”

ಬದುಕಿನಲ್ಲಿ ಮೊದಲ ಸಲ, ನಾನು ಎಷ್ಟನೆಯವಳೆಂದು ತಿಳಿಯದೆ ಮನೆಗೆ ಮರಳಿದೆ. ಬಾಗಿಲಲ್ಲಿ ನಿಂತಿದ್ದ ಅಮ್ಮಿ, “ನಂಗೇನೂ ಹೇಳ್ಬೇಡ ಬೇಟಾ, ಕೇಳಿದ್ರೇನೇ ಕೈಕಾಲು ನಡುಗತ್ತೆ” ಎಂದರು.

ಮಾಡುತ್ತಾ ಹೋದರೆ ಒಲವು ತಾನಾಗಿಯೇ ಬರುತ್ತದೆಂದು ಹಿರಿಯರು ಹೇಳಿದ್ದರು. ನನಗೆ ಬಂದಿಲ್ಲ. ಫೋನು ರಿಂಗಣಿಸಿದರೆ ಆಂಟಿಯಲ್ಲ, ಕಾರಿನ ವಾರಂಟಿ ಮಾರುವವನಾಗಿರಲಿ ಎಂದು ಬೇಡಿಕೊಳ್ಳುತ್ತೇನೆ. ನಗಿ, ಪರವಾಗಿಲ್ಲ. ಬಿಸ್ಮಿಲ್ಲಾ ಎಂದು ಹಗುರವಾಗಿ ಅಂಗಿಯ ತೋಳು ಮಡಚುವ ಆಂಟಿಯ ಮನಸ್ಸು ನನಗೆ ಯಾವಾಗ ಬಂದೀತು? ಅದಕ್ಕಾಗಿ ಹಂಬಲಿಸುತ್ತೇನೆ. ಅಟ್ಲಾಂಟಾಕ್ಕಾಗಿ ಅದಕ್ಕಿಂತಲೂ ಹೆಚ್ಚು ಹಂಬಲಿಸುತ್ತೇನೆ. ಮಾರ್ಚ್‌ನಲ್ಲಿ ನೋಡಿ ಬಂದೆ. ಅಲ್ಲಿನ ಪ್ರಯೋಗಾಲಯದಲ್ಲಿ, ಪೂರ್ವದ ಕಿಟಕಿಯ ಪಕ್ಕ, ಒಂದು ಮೇಜು ಖಾಲಿಯಿದೆ. ಅಡುಗೆ ಮಾಡುವಾಗ, ಅಂಗಡಿಯ ಸಾಲಿನಲ್ಲಿ ನಿಂತಾಗ, ದೇವರು ಕ್ಷಮಿಸಲಿ, ನಮಾಜಿನಲ್ಲೂ, ನಾನು ಆ ಮೇಜಿನ ಮುಂದೆಯೇ ಕುಳಿತಿರುತ್ತೇನೆ.

ಸೋಮವಾರ ಅಟ್ಲಾಂಟಾದವರಿಗೆ ಉತ್ತರ ಕೊಡಬೇಕು. ಫಿರೋಜಾ ಆಂಟಿಯ ಮಣಿಕಟ್ಟು ಸೋತಿದೆ. ನಾನು ಹೊರಟುಹೋದರೆ, ನಮ್ಮಲ್ಲಿ ಮುಂದೆ ತೀರಿಕೊಳ್ಳುವ ಹೆಂಗಸಿಗೆ ನೀರು ಹಾಕುವವರು ಯಾರು? ಆಕೆ ಈ ಸಭೆಯಲ್ಲೇ ಕುಳಿತಿರಬಹುದಲ್ಲವೇ? ನಾನೇ ಆಗಿರಬಹುದಲ್ಲವೇ?

ಕಲಿಯಲು ಇಬ್ಬರು ಸಿಕ್ಕರೆ ಹೋಗುತ್ತೇನೆ. ಸಿಗದಿದ್ದರೆ ಇಲ್ಲೇ ಉಳಿಯುತ್ತೇನೆ, ಗೊಣಗುತ್ತಾ ಉಳಿಯುತ್ತೇನೆ. ತ್ಯಾಗವೆಂದು ಚಪ್ಪಾಳೆ ತಟ್ಟಬೇಡಿ. ಇಷ್ಟಪಟ್ಟು ಬರುವವರನ್ನು ನಾನು ಕೇಳುತ್ತಿಲ್ಲ. ಇಷ್ಟವಿಲ್ಲದೆಯೂ ಬರಬಲ್ಲವರು ದಯವಿಟ್ಟು ಕೈ ಎತ್ತಿ.

ಶಬನಮ್ ಆಂಟಿ, ನಿಮಗೆ ಧನ್ಯವಾದ.

ಇನ್ನೊಬ್ಬರು? ಕಾಯುತ್ತೇನೆ.

ಅಮ್ಮಿ... ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡು ಇನ್ನೊಂದು ಕೈ ಎತ್ತಿದ್ದೀರಿ. ಇಳಿಸಿ ಎಂದು ಮಗಳಾದವಳು ಹೇಳಬೇಕು. ಹೇಳಲಾರೆ, ಅಮ್ಮಿ; ಅಟ್ಲಾಂಟಾ ನನಗೆ ಅಷ್ಟು ಬೇಕು. ಮೊದಲ ಸಲ ನಾನು ಜೊತೆಗಿರುತ್ತೇನೆ. ನೀರು ನಾನು ಹಾಕುತ್ತೇನೆ, ನೀವು ಬಟ್ಟೆಯ ಅಂಚು ಹಿಡಿದರೆ ಸಾಕು. ಹೊರಡುವುದು ಅದಾದ ಮೇಲೆ.

ಸಹನೆಯಿಂದ ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ಸಲಾಂ, ನಮಸ್ಕಾರ.